ಬೆನ್ನು ನೆಲಕ್ಕೆ ಹತ್ತಿದ ಮೇಲೆ

ನನ್ನ ಬಲ ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ದೊಡ್ಡ ಊನವೇನಲ್ಲ. ಕೀಬೋರ್ಡ್ ಕುಟ್ಟುವುದಕ್ಕೆ, ಸ್ಕೂಟರ್ ಓಡಿಸುವುದಕ್ಕೆ, ಮಗಳನ್ನು ಎತ್ತಿಕೊಳ್ಳುವುದಕ್ಕೆ ಯಾವ ತೊಂದರೆಯೂ ಇಲ್ಲ. ಮೆಟ್ರೋದಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತಾಗ ಮಾತ್ರ ಒಂದು ಸಣ್ಣ ಬಾಗು ಕಾಣಿಸುತ್ತದೆ. ಹೋದ ತಿಂಗಳು ನಮ್ಮ ಟೀಮಿಗೆ ಹೊಸದಾಗಿ ಸೇರಿದ ಬೆಳಗಾವಿಯ ಹುಡುಗಿ ಕಾಫಿ ಮಷೀನಿನ ಹತ್ತಿರ, "ಸರ್, ಕೈಗೆ ಏನಾಗೇತ್ರೀ?" ಅಂತ ಕೇಳಿದಳು. "ಕುಸ್ತಿ ಆಡಾಕ ಹೋಗಿ ಆಗಿದ್ದು" ಅಂದೆ. ಅವಳು ಒಂದು ಸಲ ನನ್ನ ಮುಖ ನೋಡಿದಳು, ಒಂದು ಸಲ ಹೊಟ್ಟೆ ನೋಡಿದಳು, ನಕ್ಕು ಕಪ್ ತೊಗೊಂಡು ಹೋದಳು. ಅವಳಿಗೆ ಹೇಳದೆ ಉಳಿದದ್ದನ್ನು ಈ ತಿಂಗಳ ಅಂಕಣದಲ್ಲಿ ನಿಮಗೆ ಹೇಳುತ್ತೇನೆ. ಹಿಂಜವಾಡಿಯ ಟ್ರಾಫಿಕ್ ಪುರಾಣಕ್ಕೆ ಈ ಸಲ ರಜೆ.

2012ರ ಸೆಪ್ಟೆಂಬರಿನಲ್ಲಿ ನಾನು ಎಂ.ಎಸ್ಸಿ. ಮಾಡಲು ಇಂಗ್ಲೆಂಡಿನ ಲೀಡ್ಸ್‌ಗೆ ಹೋದೆ. ಒಂದು ವರ್ಷದ ಕೋರ್ಸು. ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಕೆಲಸ ಮಾಡಲು ಬಿಡುತ್ತಿದ್ದ ವೀಸಾವನ್ನು ಅದೇ ಏಪ್ರಿಲ್‌ನಲ್ಲಿ ನಿಲ್ಲಿಸಿದ್ದರು. ತಲೆಯ ಮೇಲೆ ಬ್ಯಾಂಕ್ ಸಾಲ, ಕೈಯಲ್ಲಿ ಹನ್ನೆರಡು ತಿಂಗಳು. ಒಂದು ಪೌಂಡಿಗೆ 85 ರೂಪಾಯಿಗೂ ಮೇಲೆ. ಬಾಳೆಹಣ್ಣಿನಿಂದ ಬಸ್ ಟಿಕೆಟಿನ ತನಕ ಎಲ್ಲವನ್ನೂ ಗುಣಿಸಿ, ಹೌಹಾರಿ, ಆಮೇಲೆ ನಡೆದೇ ಹೋಗುತ್ತಿದ್ದ ದಿನಗಳು.

ಅಲ್ಲಿ ವಿಶ್ವವಿದ್ಯಾಲಯ ಶುರುವಾಗುವ ವಾರ ಒಂದು ಸಂತೆ ನಡೆಯುತ್ತದೆ. ಮಾರುವ ಸಂತೆಯಲ್ಲ, ಸೇರಿಸಿಕೊಳ್ಳುವ ಸಂತೆ. ವಿದ್ಯಾರ್ಥಿ ಸಂಘದ ಕಟ್ಟಡದ ತುಂಬ ಮೇಜುಗಳು, ಒಂದೊಂದು ಮೇಜಿಗೆ ಒಂದೊಂದು ಕ್ಲಬ್ಬು. ದೋಣಿ ಹುಟ್ಟು ಹಾಕುವವರು, ಗುಹೆಗೆ ಇಳಿಯುವವರು, ಚೀಸ್ ತಿನ್ನಲೆಂದೇ ಸೇರುವವರು. ಒಂದು ಮೇಜಿನ ಮೇಲೆ "ಮೊದಲ ಎರಡು ಕ್ಲಾಸು ಉಚಿತ" ಅಂತ ಬರೆದಿತ್ತು. ಮೇಲುಗಡೆ ಬ್ರೆಜಿಲಿಯನ್ ಜಿಯು-ಜಿಟ್ಸು ಅಂತ ಇನ್ನೊಂದು ಸಾಲು ಇತ್ತು. ನನ್ನನ್ನು ಎಳೆದದ್ದು ಕೆಳಗಿನ ಸಾಲು. ಮೇಜಿನ ಹಿಂದಿದ್ದ ಹುಡುಗ, "ನೆಲದ ಮೇಲೆ ಹಿಡಿದಾಡುವ ಕುಸ್ತಿ, ಹೊಡೆತ ಒದೆತ ಏನೂ ಇಲ್ಲ" ಅಂದ. ಕುಸ್ತಿ ಅಂದ ಕೂಡಲೇ ನನಗೆ ಒಂದು ಜಂಬ ಬಂತು. ಅದಕ್ಕೆ ಕಾರಣ ಅಜ್ಜ.

ನಮ್ಮದು ಧಾರವಾಡದ ಹತ್ತಿರದ ಹಳ್ಳಿ. ನಮ್ಮ ಅಜ್ಜ, ಅಪ್ಪನ ಅಪ್ಪ, ಹರೆಯದಲ್ಲಿ ಗರಡಿಯಲ್ಲಿ ಬೆಳೆದವನು. ಜಾತ್ರೆಗಳ ಜಂಗಿ ಕುಸ್ತಿಯಲ್ಲಿ ಆಡಿದವನು, ಕೊಲ್ಲಾಪುರದ ಖಾಸಬಾಗ್ ಮೈದಾನಕ್ಕೆ ಕುಸ್ತಿ ನೋಡಲು ಹೋಗಿಬಂದದ್ದನ್ನು ಕಾಶಿಗೆ ಹೋಗಿಬಂದವರ ಹಾಗೆ ಹೇಳುತ್ತಿದ್ದವನು. ಅವನ ಎಡಗಿವಿ ಒಣಗಿದ ಅಣಬೆಯ ಹಾಗೆ ಮುದುಡಿಕೊಂಡಿತ್ತು. ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟಿ ಗಟ್ಟಿಯಾದ ಪೈಲ್ವಾನ್ ಕಿವಿ. ಸಣ್ಣವನಿದ್ದಾಗ ನಾನೂ ಎರಡು ಬೇಸಿಗೆ ರಜೆಯಲ್ಲಿ ಗರಡಿಗೆ ಹೋಗಿದ್ದೆ. ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿದ ಆ ಕೆಮ್ಮಣ್ಣಿನ ವಾಸನೆ ಈಗಲೂ ಮೂಗಿನಲ್ಲಿದೆ. ಪಟ್ಟುಗಳೆಲ್ಲ ಮರೆತು ಹೋಗಿವೆ. ಒಂದು ನಿಯಮ ಮಾತ್ರ ಮರೆತಿರಲಿಲ್ಲ. "ಬೆನ್ನು ಮಣ್ಣಾತು ಅಂದ್ರ ಮುಗೀತು." ಬೆನ್ನು ನೆಲ ಮುಟ್ಟಿದರೆ ಚಿತ್, ಆಟ ಖಲಾಸ್, ಎದುರಾಳಿ ಡೊಳ್ಳಿನ ಜೊತೆ ಕುಣಿಯಲು ಶುರು.

ಮೊದಲ ದಿನವೇ ಆ ಒಂದು ನಿಯಮವೂ ಕೈಬಿಟ್ಟು ಹೋಯಿತು.

ಕ್ಲಾಸು ಒಂದು ಹಳೆಯ ಕ್ರೀಡಾ ಹಾಲಿನಲ್ಲಿ. ಉಗ್ರಾಣದಿಂದ ನೀಲಿ ಮ್ಯಾಟುಗಳನ್ನು ನಾವೇ ಹೊತ್ತು ತಂದು ಒಂದಕ್ಕೊಂದು ಜೋಡಿಸಬೇಕು, ಮುಗಿದ ಮೇಲೆ ಒರೆಸಿ ಮತ್ತೆ ಪೇರಿಸಬೇಕು. ಎಂಟು ಗಂಟೆಗೆ ಸರಿಯಾಗಿ ಬ್ಯಾಡ್ಮಿಂಟನ್‌ನವರು ಬಾಗಿಲಲ್ಲಿ ನಿಂತಿರುತ್ತಿದ್ದರು. ಕ್ಲಬ್ಬಿನ ಅಧ್ಯಕ್ಷ, ಖಜಾಂಚಿ ಎಲ್ಲರೂ ವಿದ್ಯಾರ್ಥಿಗಳೇ, ಓಟು ಹಾಕಿ ಆರಿಸಿದವರು. ಕೋಚ್ ಮಾತ್ರ ಹೊರಗಿನವನು, ಹಗಲು ಪ್ಲಂಬಿಂಗ್ ಕೆಲಸ ಮಾಡಿ ಸಂಜೆ ಕಂದು ಬೆಲ್ಟ್ ಕಟ್ಟಿಕೊಂಡು ಬರುತ್ತಿದ್ದ. ನಮ್ಮ ಚಂದಾ ಹಣದಲ್ಲೇ ಅವನ ಸಂಬಳ. ಉಗುರು ಕತ್ತರಿಸಿದ್ದಾರೋ ಇಲ್ಲವೋ ಅಂತ ಪ್ರೈಮರಿ ಶಾಲೆಯ ಟೀಚರ್ ಹಾಗೆ ಎಲ್ಲರ ಕೈ ನೋಡುತ್ತಿದ್ದ. ನಗಬೇಡಿ, ಬೆವರಿನ ಮ್ಯಾಟಿನ ಮೇಲೆ ಒಬ್ಬನಿಗೆ ಗಜಕರ್ಣ ಬಂದರೆ ಇಡೀ ಕ್ಲಬ್ಬಿಗೆ ಬಂದ ಹಾಗೆ.

ಜೋಡಿ ಮಾಡಿದಾಗ ನನಗೆ ಸಿಕ್ಕಿದ್ದು ಆಹಾರ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ಹುಡುಗಿ. 55 ಕೆ.ಜಿ. ಇದ್ದಿರಬೇಕು. ನಾನು ಆಗ 76. ಮೆಲ್ಲಗೆ ದೂಡೋಣ ಅಂತ ಕೈ ಇಟ್ಟೆ. ಅವಳು ನನ್ನ ತೋಳು ಹಿಡಿದು ತಾನಾಗಿಯೇ ಬೆನ್ನ ಮೇಲೆ ಮಲಗಿಬಿಟ್ಟಳು. ಗೆದ್ದೆ ಅಂದುಕೊಂಡೆ. ಡೊಳ್ಳು ಕೇಳಿಸಲಿಲ್ಲ ಅಷ್ಟೆ. ಕೋಚ್ ಏನಾದರೂ ಹೇಳುತ್ತಾನೇನೋ ಅಂತ ಆ ಕಡೆ ತಿರುಗುವಷ್ಟರಲ್ಲಿ ಅವಳ ಎರಡು ಕಾಲು ನನ್ನ ಸೊಂಟ ಸುತ್ತಿಕೊಂಡಿದ್ದವು. ಮುಂದಿನದು ನನಗೆ ಸರಿಯಾಗಿ ಗೊತ್ತಾಗಲಿಲ್ಲ. ಒಂದು ಕಾಲು ಹೆಗಲ ಮೇಲೆ ಬಂತು, ಇನ್ನೊಂದು ಅದರ ಮೇಲೆ ಕೂತಿತು, ನನ್ನ ಕುತ್ತಿಗೆ ಒಂದು ಕಡೆ ಅವಳ ತೊಡೆಗೂ ಇನ್ನೊಂದು ಕಡೆ ನನ್ನದೇ ಭುಜಕ್ಕೂ ನಡುವೆ ಸಿಕ್ಕಿಕೊಂಡಿತು. ಉಸಿರು ಆಡುತ್ತಿತ್ತು, ಆದರೆ ಹಾಲಿನ ದೀಪಗಳು ದೂರ ಹೋಗಲು ಶುರುವಾದವು. "ತಟ್ಟು, ತಟ್ಟು" ಅಂದಳು. ಏನು ತಟ್ಟಬೇಕು ಅಂತ ತಿಳಿಯದೆ ಮ್ಯಾಟ್ ತಟ್ಟಿದೆ. ಬಿಟ್ಟಳು. "ಚೆನ್ನಾಗಿದೆ, ಇವತ್ತಿನ ಪಾಠ ಅಷ್ಟೇ" ಅಂದಳು.

ಬೆನ್ನ ಮೇಲೆ ಮಲಗಿ ಕಾಲಿನಿಂದ ಎದುರಾಳಿಯನ್ನು ತಡೆಯುವ ಆ ಭಂಗಿಗೆ ಗಾರ್ಡ್ ಅನ್ನುತ್ತಾರೆ. ಈ ವಿದ್ಯೆಯ ಜೀವಾಳವೇ ಅದು. ಮೇಲಿದ್ದವನಿಗೆ ಎರಡು ಕೈ ಮಾತ್ರ ಇದ್ದರೆ ಕೆಳಗಿದ್ದವನಿಗೆ ಎರಡು ಕೈ, ಎರಡು ಕಾಲು, ಜೊತೆಗೆ ಆನಿಕೊಳ್ಳಲು ಇಡೀ ಭೂಮಿ. ಅವತ್ತು ರಾತ್ರಿ ಅಜ್ಜನಿಗೆ ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಕೆಳಗ ಬಿದ್ದಾಂವ ಗೆದ್ದಾನ ಅಂದ್ರ ಅದೆಂಥಾ ಕುಸ್ತಿಯೋ ತಮ್ಮಾ?" ಅಂದ. "ಹುಡುಗಿ ಕಡಿಂದ ಸೋತು ಬಂದು ಏನರ ಕತಿ ಹೇಳಾಕತ್ತಿಯೇನು?" ಅಂತಲೂ ಕೇಳಿದ. ಎರಡನೆಯದೇ ಸತ್ಯವಾಗಿತ್ತು.

ಉಚಿತ ಎರಡು ಕ್ಲಾಸು ಮುಗಿದ ಮೇಲೆ ದುಡ್ಡು ಕಟ್ಟಿಯೇ ಸೇರಿದೆ. ವಾರಕ್ಕೆ ಮೂರು ದಿನ. ನಿಜ ಹೇಳಬೇಕೆಂದರೆ ವಿದ್ಯೆಗಿಂತ ಹೆಚ್ಚಾಗಿ ಜನಕ್ಕೆ ಸೇರಿದ್ದು. ನಾಲ್ಕು ಗಂಟೆಗೇ ಕತ್ತಲಾಗುವ ಆ ಊರಿನಲ್ಲಿ ಇನ್ನೊಬ್ಬ ಮನುಷ್ಯ ನನ್ನನ್ನು ಮುಟ್ಟುತ್ತಿದ್ದದ್ದು ಆ ಮ್ಯಾಟಿನ ಮೇಲೆ ಮಾತ್ರ, ಅದೂ ಕುತ್ತಿಗೆ ಹಿಚುಕಲು. ಪರದೇಶದಲ್ಲಿ ಒಬ್ಬರೇ ಇದ್ದವರಿಗೆ ಇದು ತಮಾಷೆಯ ಮಾತಲ್ಲ ಅಂತ ಗೊತ್ತಿರುತ್ತದೆ.

ಈ ವಿದ್ಯೆಯ ಚರಿತ್ರೆ ಮಜವಾಗಿದೆ. 1882ರಲ್ಲಿ ಟೋಕಿಯೋದ ಒಂದು ಬೌದ್ಧ ಗುಡಿಯಲ್ಲಿ ಜಿಗೋರೋ ಕಾನೋ ಎಂಬ ತರುಣ ಅಧ್ಯಾಪಕ ಹಳೆಯ ಜುಜುತ್ಸುವನ್ನು ಶೋಧಿಸಿ ಜೂಡೋ ಕಟ್ಟಿದ. ಅವನ ಕೊಡೋಕಾನ್ ಶಾಲೆಯಲ್ಲಿ ಕಲಿತ ಮಿತ್ಸುಯೋ ಮಾಯೆದಾ ಊರೂರು ಸುತ್ತಿ 1914ರಲ್ಲಿ ಬ್ರೆಜಿಲ್ ಸೇರಿದ. ಅವನ ವಿದ್ಯೆ ಅಲ್ಲಿನ ಗ್ರೇಸಿ ಕುಟುಂಬದ ಕೈಗೆ ಬಂತು. ನಿಂತು ಎಸೆಯುವುದಕ್ಕಿಂತ ಬಿದ್ದ ಮೇಲೆ ಏನು ಅನ್ನುವುದಕ್ಕೆ ಅವರು ತಲೆ ಕೊಟ್ಟರು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ ಅದೇ ಮನೆಯ ಸಣಕಲ ಹುಡುಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ ಮೇಲೆ ಲೋಕವೆಲ್ಲ ಇದರ ಕಡೆ ತಿರುಗಿತು.

ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಬ್ರೆಜಿಲ್ ಕಥೆಯಲ್ಲ, ಜಪಾನಿನ ಕಾಲೇಜು ಹುಡುಗರ ಕಥೆ. ಅದನ್ನು ಹೇಳಿದವನು ನಮ್ಮ ಕ್ಲಬ್ಬಿಗೆ ಬರುತ್ತಿದ್ದ ಒಬ್ಬ ಜಪಾನಿ ಸಂಶೋಧಕ. 1914ರಿಂದ ಅಲ್ಲಿನ ಹೈಯರ್ ಸ್ಕೂಲು, ಕಾಲೇಜುಗಳ ನಡುವೆ ಕೋಸೆನ್ ಎಂಬ ಜೂಡೋ ಪಂದ್ಯಗಳು ನಡೆಯುತ್ತಿದ್ದವಂತೆ. ನಿಂತು ಎಸೆಯುವ ಪಟ್ಟು ಕೈಗೆ ಹತ್ತಲು ವರ್ಷಗಟ್ಟಲೆ ಬೇಕು, ಹುಟ್ಟುಗುಣವೂ ಬೇಕು. ವಿದ್ಯಾರ್ಥಿಗೆ ಇರುವುದೇ ಮೂರು ವರ್ಷ. ನೆಲದ ಪಟ್ಟು ಹಾಗಲ್ಲ, ಬೆವರು ಸುರಿಸಿದಷ್ಟು ಬರುತ್ತದೆ. ಹಾಗಾಗಿ ಆ ಹುಡುಗರು ನೇರ ನೆಲಕ್ಕೇ ಇಳಿದರು. ನನ್ನ ಕುತ್ತಿಗೆಗೆ ಬಿದ್ದ ಆ ತ್ರಿಕೋನದ ಪಟ್ಟು ಬೆಳೆದದ್ದೂ ಅವರ ಕೈಯಲ್ಲೇ. ಇವತ್ತಿಗೂ ಟೋಕಿಯೋ, ಕ್ಯೋಟೋ ಸೇರಿ ಏಳು ಹಳೆಯ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಆ ನಿಯಮದಲ್ಲೇ ಪಂದ್ಯ ಆಡುತ್ತವೆ. ಒಂದೊಂದು ತಂಡದಲ್ಲಿ ಹದಿನೈದು ಜನ. ಗೆದ್ದವನು ಕಣದಲ್ಲೇ ನಿಂತು ಮುಂದಿನವನ ಜೊತೆ ಆಡಬೇಕು. ಡ್ರಾ ಆದರೆ ಇಬ್ಬರೂ ಹೊರಗೆ. ಎದುರು ತಂಡದ ಹುಲಿಯಂಥವನನ್ನು ಹೊರಗೆ ಹಾಕಲು ಅವನನ್ನು ಗೆಲ್ಲಲೇಬೇಕೆಂದಿಲ್ಲ, ಸೋಲದಿದ್ದರೆ ಸಾಕು. ಅದಕ್ಕೆಂದೇ ಪ್ರತಿ ತಂಡದಲ್ಲೂ ಕೆಲವರಿರುತ್ತಾರೆ. ನಮ್ಮ ಈ ಸಂಶೋಧಕ ಅಂಥವನಾಗಿದ್ದ. "ನಾಲ್ಕು ವರ್ಷದಲ್ಲಿ ನಾನು ಒಂದೂ ಪಂದ್ಯ ಗೆದ್ದಿಲ್ಲ. ನನ್ನ ಕೆಲಸ ಅದಾಗಿರಲಿಲ್ಲ" ಅಂದ. ಅಷ್ಟು ಹೆಮ್ಮೆಯಿಂದ ಯಾರೂ ಸೊನ್ನೆಯ ಲೆಕ್ಕ ಕೊಟ್ಟದ್ದನ್ನು ನಾನು ಕೇಳಿರಲಿಲ್ಲ.

ಒಂದು ವರ್ಷದ ವೀಸಾದಲ್ಲಿ ಬಂದವನಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಅದನ್ನು ತಪ್ಪಾಗಿಯೇ ಹಿಡಿದುಕೊಂಡೆ. ಗೆಲ್ಲದಿದ್ದರೂ ಪರವಾಗಿಲ್ಲ, ಸೋಲಬಾರದು. ಸೋಲಬಾರದು ಅಂದರೆ ತಟ್ಟಬಾರದು.

ತಟ್ಟುವುದರ ಬಗ್ಗೆ ಎರಡು ಮಾತು ಹೇಳಬೇಕು. ಬಾಕ್ಸಿಂಗಿನಲ್ಲೋ ಕರಾಟೆಯಲ್ಲೋ ಅಭ್ಯಾಸದಲ್ಲಿ ಪೂರ್ತಿ ಜೋರಿನಿಂದ ಹೊಡೆಯಲಾಗದು. ಇಲ್ಲಿ ಪೂರ್ತಿ ಜೋರಿನಿಂದ ಹಿಡಿದಾಡಬಹುದು, ದಿನಾ ಆಡಬಹುದು, ಮರುದಿನ ಆಫೀಸಿಗೂ ಹೋಗಬಹುದು. ಹೇಗೆಂದರೆ ಕೀಲು ಉಲ್ಟಾ ತಿರುಗುವ ಮುಂಚೆ, ಕಣ್ಣಿಗೆ ಕತ್ತಲೆ ಬರುವ ಮುಂಚೆ ಸಿಕ್ಕಿಕೊಂಡವನು ಎದುರಾಳಿಯ ಮೈಯನ್ನೋ ಮ್ಯಾಟನ್ನೋ ಎರಡು ಸಲ ತಟ್ಟುತ್ತಾನೆ. ಹಿಡಿದವನು ಆ ಕ್ಷಣ ಬಿಡುತ್ತಾನೆ. ಕೈ ಕುಲುಕಿ ಮತ್ತೆ ಮೊದಲಿನಿಂದ. ಇಡೀ ವಿದ್ಯೆ ನಿಂತಿರುವುದು ಆ ಎರಡು ತಟ್ಟಿನ ಮೇಲೆ.

2013ರ ಮಾರ್ಚ್. ನನ್ನ ಬಿಳಿ ಬೆಲ್ಟಿಗೆ ಎರಡು ಪಟ್ಟಿ ಬಂದಿದ್ದವು. ನೀಲಿ, ನೇರಳೆ, ಕಂದು ದಾಟಿ ಕಪ್ಪು ಬೆಲ್ಟಿಗೆ ಹತ್ತು ವರ್ಷ ಹಿಡಿಯುವ ಈ ದಾರಿಯಲ್ಲಿ ಎರಡು ಪಟ್ಟಿ ಎಂದರೆ ಅಂಗಳ ದಾಟಿದ ಹಾಗೂ ಅಲ್ಲ. ಆದರೂ ಅದು ನನ್ನ ಬೆಲ್ಟು. ಜನವರಿಯಲ್ಲಿ ಮೊದಲ ವರ್ಷದ ಒಬ್ಬ ಹುಡುಗ ಸೇರಿದ್ದ. ಹದಿನೆಂಟು ವಯಸ್ಸು, ಕುರಿ ಸಾಕುವವರ ಮನೆಯವನು, ಮಾತು ಕಡಿಮೆ, ಮೈಯಲ್ಲಿ ಕಸುವು. ಆವತ್ತು ಅವನ ಜೊತೆ ಆಡುವಾಗ ನನ್ನ ಬಲಗೈ ಅವನ ಎರಡು ಕಾಲಿನ ನಡುವೆ ಸಿಕ್ಕಿತು. ಆರ್ಮ್‌ಬಾರ್. ಮಣಿಕಟ್ಟು ಅವನ ಎದೆಯ ಮೇಲೆ, ಮೊಣಕೈ ಅವನ ಸೊಂಟದ ಮೇಲೆ. ಹಾರೆಯಿಂದ ಕಲ್ಲು ಎಬ್ಬಿಸುವ ಲೆಕ್ಕ. ಅವನು ಸೊಂಟ ಎತ್ತಿದರೆ ನನ್ನ ಕೈ ಎಲ್ಲಿಗೂ ಹೋಗಲು ಜಾಗವಿಲ್ಲ.

ಏಳು ವಾರದ ಹುಡುಗ. ಸುತ್ತ ಕೂತು ನೋಡುತ್ತಿದ್ದ ಕಮಿಟಿಯವರು. ನನ್ನ ಎರಡು ಪಟ್ಟಿ. ಧಾರವಾಡದ ಪೈಲ್ವಾನರ ಮೊಮ್ಮಗ. ಇಷ್ಟೆಲ್ಲ ತಲೆಯಲ್ಲಿ ಓಡಿತು. ಓಡಬೇಕಾದದ್ದು ಓಡಲಿಲ್ಲ. ಅವನು ನಿಧಾನ ಮಾಡಿದ, ಅದು ನನಗೆ ಸ್ಪಷ್ಟವಾಗಿ ನೆನಪಿದೆ. ನಿಲ್ಲಿಸಿ ನನ್ನ ಮುಖ ನೋಡಿ, "ಸರಿ ಇದೀಯಾ?" ಅಂತ ಕೇಳಿದ. "ಸರಿ ಇದೀನಿ, ಆಡು" ಅಂದೆ. ಅವನು ನನ್ನ ಮಾತು ನಂಬಿ ಇನ್ನೊಂದಿಷ್ಟು ಸೊಂಟ ಎತ್ತಿದ.

ಹಸಿ ಕಬ್ಬು ಮುರಿದ ಸದ್ದು. ನೋವು ಆಮೇಲೆ ಬಂತು. ಮೊದಲು ಕಂಡದ್ದು ಅವನ ಮುಖ. ಬಿಳಿಚಿ ಹೋಗಿತ್ತು. ನನ್ನ ಕೈ ಬಿಟ್ಟು ಹಿಂದೆ ಹಿಂದೆ ತೆವಳಿ ಗೋಡೆಗೆ ಆತು ಕೂತ.

ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ, ಕೀಲಿನ ಕಟ್ಟುಗಳು ಹರಿದಿದ್ದವು. ಆರು ವಾರ ಕೈ ಕಟ್ಟಿಕೊಂಡಿರಬೇಕು. ಎಡಗೈಯಲ್ಲಿ ಕೋಡ್ ಟೈಪ್ ಮಾಡಿದೆ, ಅಸೈನ್‌ಮೆಂಟಿಗೆ ವಾಯಿದೆ ಕೇಳಿದೆ, ಮನೆಗೆ ಹೇಳಲಿಲ್ಲ. ಮುಂದಿನ ವಾರ ಸುಮ್ಮನೆ ನೋಡಲು ಕ್ಲಬ್ಬಿಗೆ ಹೋದರೆ ಇಬ್ಬರು ಹುಡುಗರು ಭುಜ ತಟ್ಟಿ, "ಎಲಿಯೋ ಗ್ರೇಸಿಯ ಹಾಗೆ!" ಅಂದರು. 1951ರಲ್ಲಿ ರಿಯೋದ ಮಾರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ದೈತ್ಯ ಮಸಾಹಿಕೋ ಕಿಮುರಾ ಎಲಿಯೋನ ಕೈ ತಿರುಚಿ ಹಿಡಿದಾಗ, ಕೈ ಮುರಿದರೂ ಎಲಿಯೋ ತಟ್ಟಲಿಲ್ಲ ಅನ್ನುವುದು ಈ ಲೋಕದ ಪುರಾಣ. ಆ ಪಟ್ಟಿಗೆ ಇವತ್ತಿಗೂ ಕಿಮುರಾ ಅಂತಲೇ ಹೆಸರು. ಒಳಗೊಳಗೇ ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ.

ಕೋಚ್‌ಗೆ ಅದು ಕೇಳಿಸಿತು. ಪಕ್ಕಕ್ಕೆ ಕರೆದ. "ಎಲಿಯೋನ ಅಣ್ಣ ಕಾರ್ಲೋಸ್ ಹೊರಗೆ ನಿಂತಿದ್ದ. ಟವೆಲ್ ಎಸೆದು ನಿಲ್ಲಿಸಿದವನು ಅವನು. ನಿನ್ನ ಹತ್ತಿರ ಯಾರಿದ್ದರು? ಆ ಹುಡುಗ ಒಬ್ಬನೇ. ಅವನಿಗೂ ನೀನು ಸುಳ್ಳು ಹೇಳಿದೆ." ಜಪಾನಿಯವನು ಅಷ್ಟು ಬಿರುಸಾಗಿ ಹೇಳಲಿಲ್ಲ. "ಡ್ರಾ ಮಾಡುವುದು ಪಂದ್ಯದ ದಿನ. ಉಳಿದ ದಿನವೆಲ್ಲ ನಾನು ಲೆಕ್ಕವಿಲ್ಲದಷ್ಟು ಸಲ ತಟ್ಟಿದ್ದೇನೆ. ಇಲ್ಲದಿದ್ದರೆ ಕಲಿಯುವುದು ಹೇಗೆ?" ಅಂದ.

ಆ ಹುಡುಗ ಅವತ್ತೂ ಬಂದಿರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ವಿಚಾರಿಸಿ ಅವನ ಹಾಸ್ಟೆಲಿಗೆ ಹೋದೆ. ಚಹಾ ಮಾಡಿಕೊಟ್ಟ. ತಪ್ಪು ನನ್ನದು, ನೀನು ಕೇಳಿದ್ದೆ, ನಾನು ಸರಿ ಇದೀನಿ ಅಂದೆ, ಅಂತ ಮೂರು ಸಲ ಹೇಳಿದೆ. ತಲೆ ಆಡಿಸಿದ. "ಗೊತ್ತು. ಆದರೆ ಮಲಗಿದರೆ ಆ ಸದ್ದು ಕೇಳುತ್ತದೆ" ಅಂದ. ಮನೆಯಲ್ಲಿ ಕುರಿಮರಿ ಎಳೆಯುವಾಗ ಕೂಡ ತನ್ನ ಕೈಯಲ್ಲಿ ಹೀಗೆ ಆಗಿರಲಿಲ್ಲ ಅಂದ. ಮತ್ತೆ ಕ್ಲಬ್ಬಿಗೆ ಬರಲೇ ಇಲ್ಲ. ಮೇ ತಿಂಗಳಲ್ಲಿ ಒಮ್ಮೆ ಲೈಬ್ರರಿಯ ಮೆಟ್ಟಿಲ ಮೇಲೆ ಸಿಕ್ಕ. ನಕ್ಕ, ಮಾತಾಡಿದ, ಆದರೆ ಅವನ ಕಣ್ಣು ಮೊದಲು ಹೋದದ್ದು ನನ್ನ ಮೊಣಕೈಗೆ.

ಅಜ್ಜನಿಗೆ ಹೇಳಿದ್ದು ಜೂನ್‌ನಲ್ಲಿ, ಕೈ ಬಿಚ್ಚಿದ ಎಷ್ಟೋ ದಿನಗಳ ಮೇಲೆ. ಬೈಯುತ್ತಾನೆ, ಇಲ್ಲವೇ ಶಹಬ್ಬಾಸ್ ಅನ್ನುತ್ತಾನೆ, ಎರಡರಲ್ಲಿ ಒಂದು ಅಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು, "ಆ ಹುಡುಗ ಹೆಂಗದಾನ ಈಗ?" ಅಂತ ಕೇಳಿದ. ನಾನು ಸುಮ್ಮನಾದೆ. "ಕೈ ಮುರಿಸ್ಕೊಂಡಾವಗ ಎಣ್ಣಿ ಹಚ್ಚಾಕ ಮಂದಿ ಇರ್ತಾರೋ ತಮ್ಮಾ. ಮುರಿದಾವಗ ಯಾರೂ ಇರೂದಿಲ್ಲ" ಅಂದ. ಅವನಿಗೆ ಇದು ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ. 2016ರಲ್ಲಿ ಅಜ್ಜ ಹೋದ. ಇನ್ನು ಕೇಳುವ ಹಾಗೂ ಇಲ್ಲ.

ಊರಿಗೆ ವಾಪಸ್ ಬಂದು, ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದು, ಪುಣೆ ಸೇರಿ ಏಳು ವರ್ಷವಾಯಿತು. ನಡುವೆ ಮದುವೆ, ಮಗಳು, ಇಎಂಐ, ಹೊಟ್ಟೆ. ಹೋದ ವರ್ಷ ಮತ್ತೆ ಶುರು ಮಾಡಿದೆ. ಈಗ ಪುಣೆ, ಮುಂಬೈ, ಬೆಂಗಳೂರು ಎಲ್ಲ ಕಡೆ ಇದನ್ನು ಕಲಿಸುವವರಿದ್ದಾರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಿಂದ ಜು-ಜಿಟ್ಸು ಅಲ್ಲಿಯೂ ಇದೆ. ನಿಮ್ಮ ಮಕ್ಕಳು ಕಾಲೇಜಿನಲ್ಲಿ ಜೂಡೋಗೋ ಇದಕ್ಕೋ ಸೇರುತ್ತೇನೆ ಅಂದರೆ ಬೇಡ ಅನ್ನಬೇಡಿ. ಒಂದು ಸಲ ಹೋಗಿ ಕೂತು ನೋಡಿ. ಮ್ಯಾಟ್ ಒರೆಸುತ್ತಾರಾ, ಹೊಸಬರನ್ನು ಮೊದಲ ದಿನವೇ ದೈತ್ಯರ ಕೈಗೆ ಕೊಡುತ್ತಾರಾ, ಯಾರಾದರೂ ತಟ್ಟಿದರೆ ಸುತ್ತಲಿನವರು ನಗುತ್ತಾರಾ. ನಗುವ ಕಡೆ ಸೇರಿಸಬೇಡಿ. ಟ್ರೋಫಿಗಳ ಕಪಾಟು ನೋಡಿ ಪ್ರಯೋಜನವಿಲ್ಲ.

ನಾನು ಹೋಗುವುದು ವಾರಕ್ಕೆ ಎರಡು ದಿನ, ಬೆಳಿಗ್ಗೆ ಆರೂವರೆಗೆ. ಹೆಚ್ಚಿನವರು ಕಾಲೇಜು ಹುಡುಗರು, ನನ್ನನ್ನು ಸರ್ ಅನ್ನುತ್ತಾರೆ, ಕುತ್ತಿಗೆ ಹಿಚುಕುವಾಗಲೂ. ಹೋದ ಶನಿವಾರ ಸಾಂಗ್ಲಿ ಕಡೆಯ ಒಬ್ಬ ಹುಡುಗ ಸಿಕ್ಕ, ಹತ್ತೊಂಬತ್ತು ವಯಸ್ಸು, ಅವನ ಅಪ್ಪನೂ ಕುಸ್ತಿಯವರಂತೆ. ಎರಡು ನಿಮಿಷ ಗಾರ್ಡ್‌ನಲ್ಲಿ ತಡೆದೆ. ಆಮೇಲೆ ನನ್ನ ಎಡಗೈ ಅವನ ಎದೆಗೆ ಹೋಯಿತು, ಅವನ ಕಾಲು ನನ್ನ ಮುಖದ ಮೇಲೆ ಬಂತು. ಅವನಿನ್ನೂ ಸೊಂಟ ಸರಿ ಮಾಡಿಕೊಳ್ಳುತ್ತಿದ್ದ. ಬಲಗೈಯಿಂದ ಅವನ ಮೊಣಕಾಲಿನ ಮೇಲೆ ಎರಡು ಸಲ ತಟ್ಟಿದೆ.

ಬಿಟ್ಟು ಎದ್ದು ಕೂತ. "ಸರ್, ಪಟ್ಟು ಇನ್ನೂ ಬಿದ್ದೇ ಇರಲಿಲ್ಲ" ಅಂದ.

"ಗೊತ್ತು" ಅಂದೆ.

ಅವನು ಒಂದು ಕ್ಷಣ ಯೋಚಿಸಿ ಕೈ ಮುಂದೆ ಚಾಚಿದ. ಕುಲುಕಿದೆವು, ಮತ್ತೆ ಶುರು ಮಾಡಿದೆವು.